ಮನೆಯೊಳಗಣ ಕಡಲೂ ಪಾಚಿಯ ಲೆಕ್ಕವೂ

ಬಾವಿಯ ಮೆಟ್ಟಲು, ಬಚ್ಚಲಿನ ಕಲ್ಲು, ದೇವಾಲಯದ ಪುಷ್ಕರಿಣಿ, ಹೀಗೆ ನೀರೂ ಬೆಳಕೂ ಕೂಡಿದ ಎಡೆಗಳಲ್ಲೆಲ್ಲ ಪಾಚಿಯು ಕಟ್ಟುವುದೆಂಬುದನ್ನು ವಾಚಕರೆಲ್ಲರೂ ಬಲ್ಲರು. ಗೃಹಿಣಿಯರು ಅದನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆಯುವರು; ಕೆಲವು ದಿನಗಳಲ್ಲಿ ಅದು ಮತ್ತೆ ಹುಟ್ಟುವುದು. ಬಚ್ಚಲಿನಲ್ಲಾದರೆ ಜಾರಿ ಬೀಳುವ ಭಯವೊಂದನ್ನುಳಿದು ಬೇರೆ ಹಾನಿಯಿಲ್ಲ. ಆದರೆ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರನ್ನು ತುಂಬಿ, ಅದರಲ್ಲಿ ಹವಳವನ್ನೂ ಕಡಲಿನ ಮೀನನ್ನೂ ಸಾಕುವವರಿಗೆ ಈ ಪಾಚಿಯೇ ಪ್ರಾಣಾಂತಿಕವಾದ ಉಪದ್ರವವಾಗುವುದುಂಟು. ಅಂಥ ತೊಟ್ಟಿಯೊಂದನ್ನು ನಮ್ಮ ಕೈಯಾರೆ ಕೆಡಿಸಿ, ಬಳಿಕ ಅದನ್ನು ಸರಿಪಡಿಸುವ ಕ್ರಮವನ್ನು ಕಣ್ಣಾರೆ ಕಂಡವರಾದುದರಿಂದ, ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇವೆ.

ನಮ್ಮ ಮಗಳೂ ಅಳಿಯಂದಿರೂ ಅಮೆರಿಕಾ ದೇಶದ ನ್ಯೂಜೆರ್ಸಿ ಪ್ರಾಂತದಲ್ಲಿ ನೆಲಸಿರುವರು. ಅವರ ಮನೆಯ ಹಜಾರದಲ್ಲಿ 200 ಲೀಟರು ನೀರು ಹಿಡಿಯುವ ಗಾಜಿನ ತೊಟ್ಟಿಯೊಂದಿದೆ. ಅದರಲ್ಲಿ ರಂಧ್ರಮಯವಾದ ಸುಣ್ಣಗಲ್ಲುಗಳು, ಕಿತ್ತಳೆಯ ಬಣ್ಣದ ಮೈಗೆ ಬಿಳಿಯ ಪಟ್ಟೆಗಳುಳ್ಳ ಎರಡು ಕ್ಲೌನ್ ಮೀನುಗಳು, ಒಂದು ಸಿಗಡಿ, ಕಡಲಿನ ಕೆಲವು ಬಸವನಹುಳುಗಳು, ಮೂರು ಸಣ್ಣ ಹವಳದ ತುಂಡುಗಳು ಇದ್ದವು. ಈ ತುಂಡುಗಳು ಕಡಲಿನಿಂದ ಕಿತ್ತು ತಂದವುಗಳಲ್ಲ. ತೊಟ್ಟಿಯಲ್ಲಿಯೇ ಬೆಳೆದ ಹವಳದಿಂದ ಮುರಿದು, ಗಿಡದ ಕಡ್ಡಿಯನ್ನು ನೆಡುವಂತೆ ಕಲ್ಲಿಗೆ ಅಂಟಿಸಿ ಬೆಳೆಸಿದವು. ಹತ್ತು ವರ್ಷದ ನಮ್ಮ ಮೊಮ್ಮಗನು ಇವುಗಳ ಪೋಷಣೆಯ ಭಾರವನ್ನು ತಾನೇ ಹೊತ್ತು, ಪ್ರತಿ ಭಾನುವಾರವೂ ನೀರನ್ನು ಪರೀಕ್ಷಿಸಿ, ಕಂಡ ಅಂಕಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದನು.

ನಾವೂ ನಮ್ಮ ಮನೆಯವರೂ ಅಲ್ಲಿದ್ದ ಕಾಲದಲ್ಲಿ ಅವರು ಮೂವರೂ ಮೂರು ವಾರಗಳ ಪ್ರವಾಸ ಹೋಗಬೇಕಾಯಿತು. ದಿನಕ್ಕೊಮ್ಮೆ ಒಂದೇ ಚಿಟಿಕೆ ಆಹಾರವನ್ನು ಹಾಕಬೇಕೆಂದೂ, ಆರಿಹೋದ ನೀರಿಗೆ ಬದಲಾಗಿ ಡಬ್ಬದಲ್ಲಿರುವ ಶುದ್ಧಜಲವನ್ನೇ ತುಂಬಬೇಕೆಂದೂ, ದೀಪವನ್ನು ಎಂಟು ಗಂಟೆಗಳಿಗಿಂತ ಹೆಚ್ಚು ಉರಿಸಬಾರದೆಂದೂ ಹುಡುಗನು ಚೀಟಿ ಬರೆದಿಟ್ಟು ಹೋದನು. ಆದರೆ ನಾವು ಹತ್ತಿರ ಸುಳಿದೊಡನೆಯೇ ಮೀನುಗಳು ಗಾಜಿನೆಡೆಗೆ ಓಡಿಬಂದು ಬಾಯಿ ತೆರೆಯುತ್ತಿದ್ದವು. ಬಾಯಿ ತೆರೆದು ನಿಂತ ಪ್ರಾಣಿಗೆ ಇಲ್ಲವೆನ್ನುವುದು ನಮ್ಮ ಮನೆಗಳ ರೂಢಿಯಲ್ಲವಷ್ಟೆ. ಚಿಟಿಕೆಯು ಹಿಡಿಯಾಯಿತು, ಒಂದು ಸಲವೆಂಬುದು ಮೂರು ಸಲವಾಯಿತು. ಎರಡನೆಯ ವಾರದಲ್ಲಿ ಡಬ್ಬದ ನೀರು ಮುಗಿಯಲಾಗಿ, ನಾವು ಕುಡಿಯುವ ನೀರು ಮೀನಿಗಾಗದೆ ಎಂದು ನಲ್ಲಿಯ ನೀರನ್ನೇ ತುಂಬಿದೆವು. ಸಂಜೆಯ ಹೊತ್ತು ನೋಡಲು ಚೆನ್ನಾಗಿರುವುದೆಂದು ದೀಪವನ್ನು ನಾವು ಮಲಗುವವರೆಗೂ ಉರಿಸಿದೆವು.

ಅವರು ಹಿಂದಿರುಗಿದಾಗ ತೊಟ್ಟಿಯ ಕಲ್ಲುಗಳೆಲ್ಲವೂ ಹಸುರು ಕೂದಲು ಬಿಟ್ಟುಕೊಂಡಂತೆ ಇದ್ದವು. ಹವಳದ ತುಂಡುಗಳಲ್ಲಿ ಎರಡು ಆ ಕೂದಲಿನಲ್ಲಿ ಮುಳುಗಿ ಕಾಣದಾಗಿದ್ದವು. “ತಾತ, ಚೀಟಿ ಓದಲಿಲ್ಲವೆ?” ಎಂದು ಹುಡುಗನು ಕೇಳಿದನು. ಓದಿದ್ದೆವು, ಪಾಲಿಸಿರಲಿಲ್ಲ. ನಾಲ್ಕು ದಶಕಗಳ ಹತ್ತಿರ ಹತ್ತಿರ ಮಕ್ಕಳಿಗೆ ಪಾಠ ಹೇಳಿದ ನಮಗೆ ಆ ಪ್ರಶ್ನೆಯು ಚೆನ್ನಾಗಿಯೇ ತಾಗಿತು. ಈ ಅನರ್ಥವು ಹೇಗಾಯಿತೆಂಬುದನ್ನು ಕಾರಣಸಹಿತವಾಗಿ ತಿಳಿಯಬೇಕೆಂದು ಅಂದಿನಿಂದ ಅಳಿಯಂದಿರ ಬಳಿ ಕುಳಿತು ಕಲಿತೆವು.

ಪಾಚಿಗೆ ಅಮರಕೋಶದಲ್ಲಿ ಶೈವಲವೆಂಬ ಹೆಸರಿನೊಡನೆ ಜಲನೀಲಿಯೆಂಬ ಹೆಸರೂ ಇದೆ. ಹವಳಕ್ಕೆ ಪ್ರವಾಳವೆಂದೂ ವಿದ್ರುಮವೆಂದೂ ಹೆಸರು. ವಿದ್ರುಮವೆಂದರೆ ವಿಶಿಷ್ಟವಾದ ವೃಕ್ಷವೆಂದು ಅರ್ಥ ಹೇಳುವರು. ಈಗಿನ ಶಾಸ್ತ್ರವು ಹವಳವನ್ನು ವೃಕ್ಷವೆನ್ನುವುದಿಲ್ಲ. ಅದು ಪಾಲಿಪ್ ಎಂಬ ಸಣ್ಣ ಪ್ರಾಣಿಗಳ ಸಮುದಾಯ. ಅವು ಸ್ರವಿಸಿದ ಸುಣ್ಣವೇ ಗಟ್ಟಿಯಾಗಿ ಕಲ್ಲಿನಂತಾಗುವುದು. ಆದರೂ ವೃಕ್ಷವೆಂದವರ ಮಾತು ಪೂರ್ತಿ ಹುಸಿಯಲ್ಲ. ದಿಬ್ಬ ಕಟ್ಟುವ ಹವಳಗಳ ಮಾಂಸದೊಳಗೆ ಕಣ್ಣಿಗೆ ಕಾಣದ ಒಂದು ಜಾತಿಯ ಪಾಚಿಯು ವಾಸಿಸುತ್ತ, ಬೆಳಕಿನಿಂದ ಆಹಾರವನ್ನು ತಯಾರಿಸಿ ಅದರ ಬಹುಭಾಗವನ್ನು ಆಶ್ರಯದಾತನಿಗೆ ಕೊಡುವುದು. ಕಡಲು ಅತಿಯಾಗಿ ಬಿಸಿಯಾದಾಗ ಈ ಪಾಚಿಯು ಹವಳವನ್ನು ಬಿಟ್ಟುಹೋಗುವುದರಿಂದಲೇ ಹವಳವು ಬಿಳಿಚಿ, ಬಹಳ ಕಾಲ ಹಾಗೆಯೇ ಇದ್ದರೆ ಹಸಿವಿನಿಂದ ಸಾಯುವುದು.

ಇದರಿಂದ ಒಂದು ಮುಖ್ಯವಾದ ಮಾತು ಸಿದ್ಧವಾಗುವುದು. ಹವಳವನ್ನು ಬದುಕಿಸುವುದೂ ಪಾಚಿಯೇ, ಕೊಲ್ಲುವುದೂ ಪಾಚಿಯೇ. ಒಳಗಿರುವ ಪಾಚಿಯು ಅನ್ನ ಕೊಡುವುದು. ಹೊರಗೆ ಬೆಳೆದ ಪಾಚಿಯು ಬೆಳಕನ್ನು ಮರೆಮಾಡಿ, ನೀರಿನ ಚಲನವನ್ನು ತಡೆದು, ಕಸವನ್ನು ಹಿಡಿದಿಟ್ಟು ಹವಳದ ಮಾಂಸವನ್ನು ಕೊಳೆಯಿಸುವುದು. ಆದುದರಿಂದ ಪಾಚಿಯೆಂಬುದನ್ನೇ ನಿರ್ಮೂಲ ಮಾಡುವೆವೆಂದು ವಿಷ ಹಾಕುವುದಾಗಲಿ, ಬಹುದಿನ ಕತ್ತಲೆ ಕವಿಸುವುದಾಗಲಿ ಯುಕ್ತವಲ್ಲ. ಅದನ್ನು ಅದರ ಮೇರೆಯಲ್ಲಿಡುವುದೇ ಸಾಧ್ಯವಾದ ಕೆಲಸ.

ಈ ತೊಂದರೆ ಮನೆಯ ತೊಟ್ಟಿಗಳಷ್ಟೇ ಹಳೆಯದು. 1846ರಲ್ಲಿ ಆನ್ನಾ ಥಿನ್ ಎಂಬ ಆಂಗ್ಲ ಮಹಿಳೆಯು ಟಾರ್ಕಿಯ ಕಡಲತೀರದಿಂದ ಹವಳಜಾತಿಯ ಪ್ರಾಣಿಗಳನ್ನು ಲಂಡನ್ನಿಗೆ ತಂದು ಸಾಕಿದರು. ನೀರಿಗೆ ಗಾಳಿ ಸೇರಲೆಂದು ಅದನ್ನು ತೆರೆದ ಕಿಟಕಿಯ ಬಳಿ, ನಾವು ಕಾಫಿಯನ್ನು ಆರಿಸುವಂತೆ, ಪಾತ್ರೆಯಿಂದ ಪಾತ್ರೆಗೆ ಸುರಿಯಿಸುತ್ತಿದ್ದರು. ಅದೇ ನಗರದ ರಸಾಯನಶಾಸ್ತ್ರಜ್ಞರಾದ ರಾಬರ್ಟ್ ವಾರಿಂಗ್ಟನ್ನರು ಸಿಹಿನೀರಿನಲ್ಲಿ ಮೀನನ್ನೂ ಜಲಸಸ್ಯವನ್ನೂ ಒಟ್ಟಿಗೆ ಇಟ್ಟು ನೋಡಿದರು. ಸಸ್ಯದ ಎಲೆಗಳು ಕೊಳೆತು ಹಸುರು ಲೋಳೆಯು ಗಾಜನ್ನೆಲ್ಲ ಮುಸುಕಿತು. ಅವರು ಕೆಲವು ಬಸವನಹುಳುಗಳನ್ನು ಬಿಡಲು, ಅವು ಆ ಕೊಳೆಯನ್ನು ತಿಂದು ನೀರನ್ನು ತಿಳಿಯಾಗಿಸಿದವು. ಈ ಪ್ರಯೋಗವನ್ನು ಅವರು 1850ರಲ್ಲಿ ಪ್ರಕಟಿಸಿದರು. ಒಬ್ಬರ ಉಚ್ಛಿಷ್ಟವು ಇನ್ನೊಬ್ಬರ ಆಹಾರವಾದರೆ ನೀರು ನಿರ್ಮಲವಾಗಿರುವುದೆಂಬ ತತ್ತ್ವವು ಅಂದಿನಿಂದ ಈ ವಿದ್ಯೆಗೆ ಮೂಲವಾಯಿತು.

ಪಾಚಿಯ ಆಹಾರವೇನೆಂಬುದನ್ನು ಈಗ ನೋಡೋಣ. ಅದಕ್ಕೆ ಬೆಳಕು ಬೇಕು, ಇಂಗಾಲ ಬೇಕು, ಇವಲ್ಲದೆ ಸಾರಜನಕವೂ ರಂಜಕವೂ ಬೇಕು. ಕಡಲಿನಲ್ಲಿ ತೇಲುವ ಸೂಕ್ಷ್ಮಜೀವಿಗಳ ದೇಹದಲ್ಲಿ ಇಂಗಾಲ, ಸಾರಜನಕ, ರಂಜಕ ಇವುಗಳ ಪರಮಾಣುಗಳು ಸುಮಾರು 106ಕ್ಕೆ 16ಕ್ಕೆ 1ರಂತೆ ಇರುವುವೆಂಬುದು ಆಲ್ಫ್ರೆಡ್ ರೆಡ್‌ಫೀಲ್ಡ್ ಎಂಬ ಅಮೆರಿಕಾದ ವಿದ್ವಾಂಸರ ಹೆಸರಿನಿಂದ ಪ್ರಸಿದ್ಧವಾದ ಪ್ರಮಾಣ. ಅವರು ಈ ವಿಚಾರವನ್ನು ಮೊದಲು ಪ್ರಕಟಿಸಿದುದು 1934ರಲ್ಲಿ. ರಂಜಕವು ಬೇಕಾದುದು ಅತ್ಯಲ್ಪವೆಂಬುದು ಇದರಿಂದ ಸ್ಪಷ್ಟ. ಊಟಕ್ಕೆ ಉಪ್ಪಿನಂತೆ ಅದು ಸ್ವಲ್ಪವೇ ಸಾಕು. ಆ ಸ್ವಲ್ಪವು ದೊರೆತೊಡನೆ ಪಾಚಿಯು ಹಬ್ಬುವುದು.

ಇವೆರಡೂ ತೊಟ್ಟಿಗೆ ಬರುವುದು ಮುಖ್ಯವಾಗಿ ಮೀನಿನ ಆಹಾರದಿಂದ. ಮೀನು ತಿಂದುದರಲ್ಲಿ ಸ್ವಲ್ಪವೇ ಮೈಗೂಡಿ, ಉಳಿದುದು ಮಲಮೂತ್ರವಾಗಿ ನೀರನ್ನು ಸೇರುವುದು. ತಿನ್ನದೆ ಬಿಟ್ಟುದು ಕಲ್ಲಿನ ಸಂದಿನಲ್ಲಿ ಕೊಳೆಯುವುದು. ಅದರಿಂದ ಹುಟ್ಟಿದ ಅಮೋನಿಯಾವನ್ನು ಒಂದು ವರ್ಗದ ಬ್ಯಾಕ್ಟೀರಿಯಗಳು ನೈಟ್ರೈಟನ್ನಾಗಿಯೂ, ಮತ್ತೊಂದು ವರ್ಗದವು ನೈಟ್ರೈಟನ್ನು ನೈಟ್ರೇಟನ್ನಾಗಿಯೂ ಮಾರ್ಪಡಿಸುವುವು. ಅಮೋನಿಯಾವು ಮೀನಿಗೆ ವಿಷ. ನೈಟ್ರೇಟು ಅಷ್ಟು ವಿಷವಲ್ಲದಿದ್ದರೂ ಪಾಚಿಗೆ ಗೊಬ್ಬರ. ರಂಜಕವು ಫಾಸ್ಫೇಟಿನ ರೂಪದಲ್ಲಿ ಉಳಿಯುವುದು. ನಾವು ಸುರಿದ ನಲ್ಲಿಯ ನೀರಿನದೂ ಇದೇ ಕಥೆ. ಹಳೆಯ ಕೊಳವೆಗಳ ಸೀಸವು ನೀರಿಗೆ ಇಳಿಯಬಾರದೆಂದು ಅಮೆರಿಕಾದ ಅನೇಕ ನಗರಗಳಲ್ಲಿ ನಲ್ಲಿಯ ನೀರಿಗೆ ಫಾಸ್ಫೇಟನ್ನು ಬೆರೆಸುವರು. ಮನುಷ್ಯರಿಗೆ ಅದು ಹಿತ. ತೊಟ್ಟಿಯಲ್ಲಿ ಅದು ಪಾಚಿಗೆ ಹಾಕಿದ ಔತಣ. ಮೇಲಾಗಿ ತೊಟ್ಟಿಯ ನೀರು ಆರುವಾಗ ನೀರು ಮಾತ್ರ ಹೋಗಿ, ಅದರಲ್ಲಿ ಕರಗಿದ್ದುದೆಲ್ಲವೂ ಹಿಂದೆ ಉಳಿಯುವುದು. ಆದುದರಿಂದ ಪ್ರತಿ ಸಲ ತುಂಬಿದ ನಲ್ಲಿಯ ನೀರಿನ ಕಲ್ಮಷವು ಒಂದರ ಮೇಲೊಂದು ಸೇರುತ್ತ ಹೋಗುವುದು.

ಇಲ್ಲಿ ನಮ್ಮನ್ನು ಬೆರಗುಗೊಳಿಸಿದ ಸಂಗತಿಯೊಂದುಂಟು. ಅಷ್ಟು ಪಾಚಿಯಿದ್ದ ನೀರನ್ನು ಹುಡುಗನು ಪರೀಕ್ಷಿಸಿದಾಗ ಫಾಸ್ಫೇಟು ಸೊನ್ನೆಯೆಂದೇ ತೋರಿತು. ಹಾಗಾದರೆ ದೋಷವು ನಮ್ಮದಲ್ಲವೆಂದು ನಮಗೆ ಒಂದು ಗಳಿಗೆ ಸಮಾಧಾನವಾಯಿತು. ಅಳಿಯಂದಿರು ನಕ್ಕು, ನೀರಿಗೆ ಬಂದ ಫಾಸ್ಫೇಟನ್ನೆಲ್ಲ ಪಾಚಿಯು ಆಗಿಂದಾಗಲೇ ನುಂಗಿರುವುದರಿಂದ ನೀರಿನಲ್ಲಿ ಅದು ಉಳಿದಿಲ್ಲವೆಂದು ವಿವರಿಸಿದರು. ಕಣಜವು ಬರಿದಾಗಿದೆಯೆಂದಮಾತ್ರಕ್ಕೆ ಬೆಳೆಯೇ ಬರಲಿಲ್ಲವೆನ್ನಲಾದೀತೆ? ಪಾಚಿಯ ಹೊಟ್ಟೆಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಅಷ್ಟೇ ಅಲ್ಲ, ಸುಣ್ಣಗಲ್ಲು ಫಾಸ್ಫೇಟನ್ನು ಹೀರಿಟ್ಟುಕೊಂಡು ನೀರು ಶುದ್ಧವಾದಂತೆಲ್ಲ ಮೆಲ್ಲಮೆಲ್ಲನೆ ಬಿಡುವುದು. ಅಂದರೆ ಹಳೆಯ ಸಾಲವೂ ತೀರಬೇಕು.

ನೀರನ್ನು ಬದಲಿಸಿದರಾಗದೆ ಎಂದು ನಾವು ಕೇಳಿದೆವು. ಅದಕ್ಕೆ ದೊರೆತ ಉತ್ತರವನ್ನು ಒಂದು ಲೆಕ್ಕದ ರೂಪದಲ್ಲಿ ಹೇಳುವೆವು. ಲೀಟರಿಗೆ 40 ಮಿಲಿಗ್ರಾಂ ನೈಟ್ರೇಟು ಇದೆಯೆನ್ನೋಣ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ತೆಗೆದು ಹೊಸ ಉಪ್ಪುನೀರನ್ನು ಹಾಕಿದರೆ ಅದು 30ಕ್ಕೆ ಇಳಿಯುವುದು. ಆದರೆ ಆ ವಾರದ ಆಹಾರದಿಂದ ಮತ್ತೆ 10 ಸೇರಿದರೆ ಪುನಃ 40 ಆಗುವುದು. ವರ್ಷವಿಡೀ ನೀರು ಹೊತ್ತರೂ 40 ಕದಲದು. ಅದೇ ಆಹಾರವನ್ನು ಕಡಮೆಮಾಡಿ ವಾರದ ಆದಾಯವನ್ನು ಎರಡೂವರೆಗೆ ಇಳಿಸಿದರೆ, ಅಷ್ಟೇ ಶ್ರಮದಿಂದ ನೈಟ್ರೇಟು ಕ್ರಮಕ್ರಮವಾಗಿ 10ರ ಹತ್ತಿರ ಬಂದು ನಿಲ್ಲುವುದು. ಸಂಸಾರದ ಜಮಾಖರ್ಚಿಗೂ ಇದಕ್ಕೂ ಭೇದವಿಲ್ಲ. ಕಲ್ಲನ್ನು ಉಜ್ಜುವುದು, ನೀರು ಬದಲಿಸುವುದು, ಯಂತ್ರ ಇಡುವುದು, ಇವೆಲ್ಲವೂ ಖರ್ಚಿನ ಕಡೆಯವು. ಜಮೆಯ ಕಡೆಯನ್ನು ಹಿಡಿಯದೆ ಇವು ಫಲಿಸುವುದಿಲ್ಲ.

ಅವರ ಮನೆಯಲ್ಲಿ ನಡೆಸಿದ ಚಿಕಿತ್ಸೆಯ ಕ್ರಮ ಹೀಗೆ. ಮೊದಲನೆಯದಾಗಿ, ಬಿಡಿಯಾಗಿದ್ದ ಕಲ್ಲುಗಳನ್ನು ತೊಟ್ಟಿಯದೇ ನೀರನ್ನು ತುಂಬಿದ ಬಕೀಟಿನಲ್ಲಿಟ್ಟು, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಪಾಚಿಯನ್ನು ಉಜ್ಜಿ ಆ ನೀರನ್ನು ಹೊರಗೆ ಚೆಲ್ಲಿದರು. ಪಾಚಿಯು ತೊಟ್ಟಿಯಲ್ಲಿಯೇ ಸತ್ತರೆ ತಾನು ನುಂಗಿದ್ದನ್ನೆಲ್ಲ ನೀರಿಗೇ ಕಕ್ಕುವುದಾದುದರಿಂದ, ಕಿತ್ತು ಹೊರಗೆಸೆಯುವುದೇ ಉತ್ತಮ. ನಾವು ಅವಸರಪಟ್ಟು ಅಂಗಡಿಯಿಂದ ಪಾಚಿ ಕೊಲ್ಲುವ ಔಷಧದ ಸೀಸೆಯೊಂದನ್ನು ತಂದಿದ್ದೆವು. ಇಷ್ಟು ಪಾಚಿಯು ಒಮ್ಮೆಗೇ ಸತ್ತು ಕೊಳೆತರೆ ನೀರಿನ ಆಮ್ಲಜನಕವು ಕುಂದಿ ಮೀನುಗಳೂ ಉಳಿಯವೆಂದು ಹೇಳಿ ಅಳಿಯಂದಿರು ಅದನ್ನು ಬದಿಗಿಟ್ಟರು.

ಎರಡನೆಯದು ಆಹಾರ. ಎರಡು ಮೂರು ನಿಮಿಷಗಳಲ್ಲಿ ಮೀನುಗಳು ಪೂರ್ತಿಯಾಗಿ ತಿಂದು ಮುಗಿಸುವಷ್ಟೇ ಹಾಕುವುದು. ಹೆಪ್ಪುಗಟ್ಟಿದ ಆಹಾರವಾದರೆ ಅದರ ರಸವನ್ನು ಸೋಸಿ ಚೆಲ್ಲುವುದು. ಮೂರನೆಯದು ನೀರು. ರಿವರ್ಸ್ ಆಸ್ಮೋಸಿಸ್ ಯಂತ್ರದಲ್ಲಿ ಸೋಸಿ, ಉಳಿದ ಲವಣಗಳನ್ನೂ ರಾಳದ ಹರಳುಗಳಿಂದ ತೆಗೆದ ನೀರನ್ನೇ ಬಳಸುವುದು. ನಮ್ಮ ಅಡಿಗೆಮನೆಗಳ ಶುದ್ಧೀಕರಣ ಯಂತ್ರಗಳಲ್ಲಿ ಎಷ್ಟೋ ಯಂತ್ರಗಳು ರುಚಿಗಾಗಿ ಖನಿಜಗಳನ್ನು ಮರಳಿ ಬೆರೆಸುವುದರಿಂದ ಅವುಗಳ ನೀರು ಇದಕ್ಕೆ ಸಾಲದು. ನಾಲ್ಕನೆಯದು ಬೆಳಕು, ದಿನಕ್ಕೆ ಏಳೆಂಟು ಗಂಟೆ ಸಾಕು.

ಐದನೆಯದು ನೊರೆಯ ಯಂತ್ರ. ಸ್ಕಿಮ್ಮರ್ ಎಂದು ಅದರ ಹೆಸರು. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬಂದ ಕೊಳೆಯನ್ನು ತೆಗೆಯುವುದನ್ನು ಎಷ್ಟೋ ಮಂದಿ ನೋಡಿರಬಹುದು. ಈ ಯಂತ್ರವು ಉಪ್ಪುನೀರಿನಲ್ಲಿ ಅತಿ ಸಣ್ಣ ಗಾಳಿಗುಳ್ಳೆಗಳನ್ನು ಎಬ್ಬಿಸುವುದು; ಕರಗಿದ ಮಲಿನ ವಸ್ತುಗಳು ಗುಳ್ಳೆಗಳಿಗಂಟಿ, ನೊರೆಯಾಗಿ ಮೇಲಿನ ಬಟ್ಟಲಲ್ಲಿ ನಿಲ್ಲುವುವು. ಅವು ಕೊಳೆತು ನೈಟ್ರೇಟಾಗುವುದಕ್ಕೆ ಮೊದಲೇ ಹೊರಬೀಳುವುದು ಇದರ ಲಾಭ. ಫಾಸ್ಫೇಟು ಮಿತಿಮೀರಿದರೆ ಕಬ್ಬಿಣದ ಆಕ್ಸೈಡಿನ ಹರಳುಗಳ ಮೂಲಕ ನೀರನ್ನು ಹಾಯಿಸಿ ಅದನ್ನು ಹೀರಿಸುವರು.

ಆರನೆಯದು ಬಹು ಜಾಣತನದ ಉಪಾಯ. ಪಾಚಿಯಿಂದಲೇ ಪಾಚಿಯನ್ನು ತಡೆಯುವುದು. ಅಮೆರಿಕಾದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಎಂಬ ಶಾಸ್ತ್ರಜ್ಞರು ಜಾಲರಿಯ ಮೇಲೆ ತೆಳ್ಳಗೆ ನೀರು ಹರಿಸಿ, ಪ್ರಖರವಾದ ದೀಪದಡಿಯಲ್ಲಿ ಅಲ್ಲಿಯೇ ಪಾಚಿಯನ್ನು ಬೆಳೆಸಿ, ಆಗಾಗ ಕೆರೆದು ತೆಗೆಯುವ ಕ್ರಮವನ್ನು ರೂಪಿಸಿ, 1980ರ ದಶಕದಲ್ಲಿ ಪ್ರಚಾರಕ್ಕೆ ತಂದರು. ಮನೆಗಳಲ್ಲಿ ಪಕ್ಕದ ಸಣ್ಣ ತೊಟ್ಟಿಯೊಂದರಲ್ಲಿ ಕೀಟೊಮಾರ್ಫವೆಂಬ ಸಿಕ್ಕುದಾರದಂಥ ಪಾಚಿಯನ್ನು ಬೆಳೆಸಿ, ಹೆಚ್ಚಾದುದನ್ನು ಹಿಡಿಹಿಡಿಯಾಗಿ ತೆಗೆದುಹಾಕುವರು. ನಾವು ಬಯಸಿದ ಎಡೆಯಲ್ಲಿ ಬೆಳೆದ ಪಾಚಿಯು, ಬಯಸದ ಎಡೆಯಲ್ಲಿ ಬೆಳೆಯುವ ಪಾಚಿಯ ಅನ್ನವನ್ನು ಕಸಿದುಕೊಳ್ಳುವುದು.

ಕೊನೆಯದು ಮೇಯುವ ಪ್ರಾಣಿಗಳು. ಇವುಗಳ ಮಹತ್ತ್ವವೆಷ್ಟೆಂಬುದನ್ನು ನಿಜವಾದ ಕಡಲೇ ಲೋಕಕ್ಕೆ ತೋರಿಸಿಕೊಟ್ಟಿದೆ. ಕೆರಿಬಿಯನ್ ಸಮುದ್ರದಲ್ಲಿ ಡಯಾಡೀಮವೆಂಬ ಉದ್ದ ಮುಳ್ಳಿನ ಕಡಲ ಮುಳ್ಳುಚೆಂಡುಗಳು ದಿಬ್ಬಗಳ ಪಾಚಿಯನ್ನು ಮೇಯುತ್ತಿದ್ದವು. 1983ರ ಜನವರಿಯಲ್ಲಿ ಪನಾಮಾದ ಬಳಿ ಅವುಗಳಿಗೆ ಒಂದು ರೋಗ ತಗುಲಿ, ಸುಮಾರು ಒಂದು ವರ್ಷದೊಳಗೆ ಆ ಸಮುದ್ರವೆಲ್ಲಕ್ಕೂ ಹರಡಿ, ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಾಗಿ ಸತ್ತವು. ಜಮೈಕಾ ದ್ವೀಪದ ಸುತ್ತ ಪಾಚಿ ತಿನ್ನುವ ಮೀನುಗಳನ್ನು ಜನರು ಮೊದಲೇ ಅತಿಯಾಗಿ ಹಿಡಿದಿದ್ದರು. 1980ರ ಚಂಡಮಾರುತವು ಹವಳವನ್ನು ಒಡೆದಿತ್ತು. ಇವೆಲ್ಲ ಕೂಡಿ, 1970ರ ದಶಕದ ಕೊನೆಯಲ್ಲಿ ನೂರಕ್ಕೆ 52 ಪಾಲು ನೆಲವನ್ನು ಆವರಿಸಿದ್ದ ಹವಳವು 1990ರ ದಶಕದ ಮೊದಲಿಗೆ 3 ಪಾಲಿಗೆ ಇಳಿದು, 4 ಪಾಲಿದ್ದ ಪಾಚಿಯು 92ಕ್ಕೆ ಏರಿತು. ಮೇಯುವವರಿಲ್ಲದೆ ಹವಳವು ಬಾಳದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಮನೆಯ ತೊಟ್ಟಿಗೆ ಟರ್ಬೊ, ಟ್ರೋಕಸ್ ಎಂಬ ಬಸವನಹುಳುಗಳೂ ಒಂದು ಸಣ್ಣ ಮುಳ್ಳುಚೆಂಡೂ ಸಾಕು. ಹಳದಿಯ ಟ್ಯಾಂಗ್ ಮೀನು ಪಾಚಿಯನ್ನು ಚೆನ್ನಾಗಿ ಮೇಯುವುದಾದರೂ ಈಜಲು ವಿಶಾಲವಾದ ಸ್ಥಳವನ್ನು ಬಯಸುವುದರಿಂದ ಸಣ್ಣ ತೊಟ್ಟಿಯಲ್ಲಿ ಅದನ್ನಿಡುವುದು ಹಿಂಸೆಯೇ ಸರಿ.

ಎಲ್ಲ ಪಾಚಿಗೂ ಒಂದೇ ಮದ್ದಲ್ಲವೆಂಬುದೂ ಗಮನಿಸತಕ್ಕ ವಿಷಯ. ಹೊಸ ತೊಟ್ಟಿಯಲ್ಲಿ ಕಂದುಬಣ್ಣದ ಧೂಳಿನಂತೆ ಕೂರುವ ಡಯಾಟಮು ಸಿಲಿಕೇಟು ಮುಗಿದೊಡನೆ ಸಾಮಾನ್ಯವಾಗಿ ತಾನೇ ಹೋಗುವುದು. ಕೆಂಪು ಲೋಳೆಯ ಹಾಸಿನಂತಿರುವುದು ನಿಜವಾಗಿ ಪಾಚಿಯಲ್ಲ, ಒಂದು ಬಗೆಯ ಬ್ಯಾಕ್ಟೀರಿಯ. ನೀರಿನ ಹರಿವನ್ನು ಹೆಚ್ಚಿಸಿ ಕಸವನ್ನು ಹೀರಿ ತೆಗೆದರೆ ಅದು ತಗ್ಗುವುದು. ಗುಳ್ಳೆಗಳನ್ನು ಹಿಡಿದ ಕಂದು ಲೋಳೆಯ ಎಳೆಗಳಾದರೆ ಅವು ಬಹುಮಟ್ಟಿಗೆ ಡೈನೋಫ್ಲಾಜೆಲೇಟುಗಳು. ನೈಟ್ರೇಟೂ ಫಾಸ್ಫೇಟೂ ಪೂರ್ತಿ ಸೊನ್ನೆಗೆ ಇಳಿದಾಗಲೇ ಇವು ಅನೇಕ ವೇಳೆ ತಲೆಯೆತ್ತುವುವು. ಅತಿಯಾದ ಉಪವಾಸವೂ ಕೇಡೇ ಎಂದು ಇದರಿಂದ ತಿಳಿಯಬೇಕು. ಲೀಟರಿಗೆ ನೈಟ್ರೇಟು 2ರಿಂದ 10 ಮಿಲಿಗ್ರಾಂ, ಫಾಸ್ಫೇಟು 0.03ರಿಂದ 0.1 ಮಿಲಿಗ್ರಾಂ ಇರುವಂತೆ ಅನೇಕ ಸಾಕುವವರು ನೋಡಿಕೊಳ್ಳುವರು.

ಕಿತ್ತ ಪಾಚಿಯನ್ನು ಎಲ್ಲಿ ಹಾಕಬೇಕೆಂಬುದೂ ಸಣ್ಣ ಮಾತಲ್ಲ. ಮತ್ಸ್ಯಾಲಯಗಳಲ್ಲಿ ಅಲಂಕಾರಕ್ಕಾಗಿ ಬೆಳೆಸುತ್ತಿದ್ದ ಕಾಲರ್ಪ ಟ್ಯಾಕ್ಸಿಫೋಲಿಯ ಎಂಬ ಜಾತಿಯು 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಣ ಕಡಲಿನಲ್ಲಿ ಸುಮಾರು ಒಂದು ಚದರ ಮೀಟರಿನಷ್ಟು ಕಂಡುಬಂದಿತು. ಮುಂದೆ ಮೆಡಿಟರೇನಿಯನ್ ತೀರದ ಸಾವಿರಾರು ಹೆಕ್ಟೇರು ತಳವನ್ನು ಆಕ್ರಮಿಸಿತು. 2000ದಲ್ಲಿ ಕ್ಯಾಲಿಫೋರ್ನಿಯಾದಲ್ಲಿಯೂ ಅದು ಕಾಣಿಸಿಕೊಂಡು, ಅದನ್ನು ನಿರ್ಮೂಲ ಮಾಡಲು 2006ರವರೆಗೆ ಹೆಣಗಬೇಕಾಯಿತು. ತೊಟ್ಟಿಯ ಪಾಚಿಯನ್ನೂ ನೀರನ್ನೂ ಎಂದಿಗೂ ಕಡಲಿಗಾಗಲಿ ಹೊಳೆಗಾಗಲಿ ಬಿಡಕೂಡದು. ನಮ್ಮ ನಾಡಿನ ವಾಚಕರಿಗೆ ಇನ್ನೊಂದು ಸೂಚನೆ. ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳೆಲ್ಲವನ್ನೂ 2001ರಲ್ಲಿ, 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಒಂದನೆಯ ಪಟ್ಟಿಗೆ ಸೇರಿಸಲಾಗಿದೆ. ಅವನ್ನು ನಮ್ಮ ಕಡಲಿನಿಂದ ಕೀಳುವುದೂ ಮಾರುವುದೂ ಅಪರಾಧ. ಇಲ್ಲಿ ಉಪ್ಪುನೀರಿನ ತೊಟ್ಟಿಯನ್ನಿಡುವವರು, ಸಾಕಣೆಯಲ್ಲಿಯೇ ಹುಟ್ಟಿದ ಕ್ಲೌನ್ ಮೀನು ಮುಂತಾದವುಗಳಿಂದ ತೃಪ್ತರಾಗುವುದು ಲೇಸು. ಪಾಚಿಯ ಲೆಕ್ಕವು ಅಲ್ಲಿಗೂ ಇದೇ.

ನ್ಯೂಜೆರ್ಸಿಯ ಆ ತೊಟ್ಟಿಯು ತಿಳಿಯಾಗಲು ಹತ್ತು ವಾರಗಳು ಹಿಡಿದವು. ಮೊದಲ ನಾಲ್ಕು ವಾರ ಏನೂ ಗುಣ ಕಾಣದೆ, ಹುಡುಗನು ಪ್ರತಿ ಭಾನುವಾರವೂ ಮುಖ ಚಿಕ್ಕದು ಮಾಡಿಕೊಂಡು ಪುಸ್ತಕವನ್ನು ಮುಚ್ಚುತ್ತಿದ್ದನು. ಐದನೆಯ ವಾರದಿಂದ ಕಲ್ಲಿನ ಮೇಲೆ ಹುಳುಗಳು ಮೇದ ಜಾಡುಗಳು ಬೆಳ್ಳಗೆ ಕಂಡವು. ಮೂರು ಹವಳಗಳಲ್ಲಿ ಒಂದು ಸತ್ತಿತು. ಒಂದು ಅರ್ಧ ಸತ್ತು, ಉಳಿದರ್ಧದ ಅಂಚಿನಿಂದ ಮತ್ತೆ ಮಾಂಸವು ಹಬ್ಬತೊಡಗಿತು. ಒಂದು ಕೇಡಿಲ್ಲದೆ ಉಳಿಯಿತು. ಸತ್ತುದನ್ನು ಅವನು ಎಸೆಯಲಿಲ್ಲ, ನಮ್ಮನ್ನು ದೂರಲೂ ಇಲ್ಲ.

ನಾವು ಊರಿಗೆ ಹೊರಡುವ ಮುನ್ನ ಇನ್ನೊಮ್ಮೆ ಅವರು ಒಂದು ವಾರ ಹೊರಗೆ ಹೋಗಬೇಕಾಯಿತು. ಈ ಸಲ ಹುಡುಗನು ಚೀಟಿ ಬರೆಯಲಿಲ್ಲ. ನಾವು ನಿತ್ಯದ ಮಾತ್ರೆಗಳನ್ನು ಇಟ್ಟುಕೊಳ್ಳುವ ಏಳು ಮನೆಗಳ ಪೆಟ್ಟಿಗೆಯಂಥದೇ ಇನ್ನೊಂದನ್ನು ತಂದು, ಭಾನುವಾರದಿಂದ ಶನಿವಾರದವರೆಗೆ ಒಂದೊಂದು ಮನೆಗೂ ಒಂದೊಂದು ಚಿಟಿಕೆ ಆಹಾರವನ್ನು ತುಂಬಿ, ದೊಡ್ಡ ಡಬ್ಬವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದನು. ತೊಟ್ಟಿಯನ್ನು ನೆರೆಯವರಿಗೋ ಹಿರಿಯರಿಗೋ ಒಪ್ಪಿಸಿ ಹೋಗುವ ವಾಚಕರಿಗೆ ಈ ಉಪಾಯವನ್ನು ನಾವು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇವೆ. ಮೀನುಗಳು ಆ ವಾರವೂ ಗಾಜಿನ ಬಳಿ ಬಂದು ಬಾಯಿ ತೆರೆದವು. ಆ ದಿನದ ಮನೆಯು ಬರಿದಾಗಿದ್ದುದರಿಂದ ನಾವು ಕೈಕಟ್ಟಿ ಕುಳಿತು ಅವುಗಳನ್ನು ನೋಡಿದೆವು.